ಆಳಂದದ ‘ಬರೋಬ್ಬರಿ’

ಆಳಂದಕ್ಕೆ ಬಂದಿಳಿದ ದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳು ನನ್ನ ಎರಡು ಪೆಟ್ಟಿಗೆಗಳನ್ನೂ ನನ್ನನ್ನೂ ಅಳೆದು ನೋಡಿ, “ಯಾ ಊರಾಕಿ ಬೇ ನೀ?” ಎಂದು ಕೇಳಿದಳು. ನಾನು ದಂಗಾದೆ. ಮೈಸೂರಿನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಕಡೆಕಡೆಗೆ ಇಡೀ ಉತ್ಪಾದನೆಯ ಉಸ್ತುವಾರಿ ಹೊತ್ತವಳು ನಾನು. ನನ್ನನ್ನು ಏಕವಚನದಲ್ಲಿ ಕರೆಯುವವಳು ಅಕ್ಕ ಒಬ್ಬಳೇ. ಆ ‘ಬೇ’ ಇಲ್ಲಿ ಹೆಂಗಸರನ್ನು ಸಲಿಗೆಯಿಂದ ಕರೆಯುವ ಮಾತು, ಬೈಗುಳವಲ್ಲ ಎಂದು ತಿಳಿಯಲು ಒಂದು ವಾರ ಹಿಡಿಯಿತು. ಅಷ್ಟರೊಳಗೆ ಮೂವರ ಮೇಲೆ ಸಿಡುಕಿಬಿಟ್ಟಿದ್ದೆ.

ನಮ್ಮ ಕಂಪನಿ ಇಲ್ಲಿ ಒಂದು ಸಣ್ಣ ಘಟಕ ತೆರೆದಿತ್ತು. ವಿಮಾನದ ಒಡಲೊಳಗೆ ಓಡಾಡುವ ನೂರಾರು ತಂತಿಗಳನ್ನು ಅಳೆದು, ತುದಿಗೆ ಪಿನ್ನು ಕೂರಿಸಿ, ಕಂತೆ ಕಟ್ಟಿ ಕಳಿಸುವ ಕೆಲಸ. ನಲವತ್ತು ಹೆಂಗಸರಿಗೆ ಕಲಿಸಿ ಘಟಕವನ್ನು ನಿಲ್ಲಿಸಿಕೊಡಬೇಕು. ಎರಡು ವರ್ಷದ ಮಾತು. “ನಿಮ್ಮಂಥವರಿಗೆ ಇದೇನು ಮಹಾ” ಎಂದು ಬೀಳ್ಕೊಟ್ಟವರೆಲ್ಲ ಹೇಳಿದ್ದರು. ಅವರನ್ನು ಒಂದು ಬೇಸಿಗೆ ಇಲ್ಲಿ ತಂದು ಕೂರಿಸಬೇಕು ಅನ್ನಿಸುತ್ತದೆ.

ಮನೆ ಹುಡುಕಿದ್ದು ಒಂದು ಪಾಡು. ಮೈಸೂರಿನಲ್ಲಿ ಮನೆಯ ಮಾಲೀಕರು ಕೆಲಸ ಎಲ್ಲಿ ಎಂದು ಕೇಳುತ್ತಾರೆ. ಇಲ್ಲಿ ಯಜಮಾನರು ಎಲ್ಲಿ ಎಂದು ಕೇಳುತ್ತಾರೆ. ಮದುವೆಯಾಗಿಲ್ಲ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನಾಲ್ಕನೆಯ ಮನೆಯಲ್ಲಿ ತೊಗರಿ ವ್ಯಾಪಾರಿಯ ಹೆಂಡತಿ ನೀಲಮ್ಮ ಅದೇ ಪ್ರಶ್ನೆ ಕೇಳಿದರು, ಅದೇ ಉತ್ತರ ಕೇಳಿಸಿಕೊಂಡರು, ಸ್ವಲ್ಪ ಯೋಚಿಸಿ, “ಹಂಗಾದ್ರ ಒಬ್ಬಾಕಿ ಏನ್ ಅಡಗಿ ಮಾಡ್ಕೊಂತೀರಿ? ಮ್ಯಾಲಿನ ಖೋಲಿ ಐತಿ, ಬರ್ರಿ” ಎಂದರು. ಖೋಲಿ ಎಂದರೆ ಕೋಣೆ. ಅಂದಿನಿಂದ ಸಂಜೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ ಮೆಟ್ಟಿಲೇರಿ ಬರತೊಡಗಿದವು. ಅನ್ನ, ಹುಳಿ ತಿಂದು ಬೆಳೆದ ನನಗೆ ಆ ರೊಟ್ಟಿ ಮೊದಮೊದಲು ಗಂಟಲಲ್ಲಿ ನಿಲ್ಲುತ್ತಿತ್ತು. ನೀರು ಕುಡಿದು ಇಳಿಸುತ್ತಿದ್ದೆ. ಕಾಫಿಯಂತೂ ಕೇಳಲೇಬೇಡಿ.

ಆದರೆ ನನ್ನ ತಾಳ್ಮೆಗೆಡಿಸಿದ್ದು ಊಟವಲ್ಲ, ಬಿಸಿಲಲ್ಲ. ‘ಬರೋಬ್ಬರಿ’ ಎಂಬ ಒಂದು ಪದ. ನಮ್ಮ ಕಡೆ ದೊಡ್ಡ ಸಂಖ್ಯೆ ಹೇಳುವ ಮುಂಚೆ ಈ ಪದ ಬಳಸುತ್ತೇವೆ. ಇಲ್ಲಿ ಅದಕ್ಕೆ ‘ಸರಿಯಾಗಿದೆ’ ಎಂಬ ಅರ್ಥ. ಕಂತೆ ನೋಡಿದೆಯಾ? ಬರೋಬ್ಬರಿ ಅದರಿ. ಅಳತೆ? ಬರೋಬ್ಬರಿ ಅದರಿ. ಜೇವರ್ಗಿಯ ಕಡೆಯವನಾದ ನಮ್ಮ ಮೇಲ್ವಿಚಾರಕ ಬಸವರಾಜನನ್ನು ನೀನು ಕುಳಿತಿರುವ ಕುರ್ಚಿಗೆ ಎಷ್ಟು ಕಾಲು ಎಂದು ಕೇಳಿದರೂ ಬರೋಬ್ಬರಿ ಎನ್ನುತ್ತಿದ್ದನೇನೋ. ಒಳ್ಳೆಯವನು, ಕೆಲಸ ಬಲ್ಲವನು, ಯಾರಿಗೂ ಬೇಸರವಾಗಬಾರದು ಎಂಬುದೇ ಅವನ ಧರ್ಮ. ವಿಮಾನದ ಕೆಲಸಕ್ಕೆ ಇದಕ್ಕಿಂತ ಅಪಾಯದ ಗುಣ ಇನ್ನೊಂದಿಲ್ಲ.

ಹೀಗಿರುವಾಗ ಒಂದು ದಿನ ಶಿವಕಾಂತಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು. ನಲವತ್ತು ಹೆಂಗಸರಲ್ಲಿ ಅತ್ಯಂತ ಚುರುಕಿನವಳು. “ಮೇಡಂ, ಒಂದ್ ಪಿನ್ನ ತಪ್ಪ್ ಕೂಡಿಸೀನ್ರಿ. ಕಂತಿ ಕಟ್ಟಿ ಆಗ್ಯಾದ” ಎಂದಳು. ಅಂದು ಬೆಳಗಿನಿಂದ ಕರೆಂಟು ಮೂರು ಸಲ ಹೋಗಿತ್ತು, ಮೈಸೂರಿನಿಂದ ನಾಲ್ಕು ಸಲ ಫೋನು ಬಂದಿತ್ತು. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಇಷ್ಟು ತಿಂಗಳು ಕಲಿಸಿದ್ದು ದಂಡ ಎಂದು ಕೂಗಾಡಿದೆ. ಅವಳು ಸೆರಗು ಹೊದ್ದು ತನ್ನ ಜಾಗಕ್ಕೆ ಹೋದಳು.

ಅದಾದ ಮೇಲೆ ಎರಡು ವಾರ, ಆದ ತಪ್ಪುಗಳನ್ನೆಲ್ಲ ಬರೆದಿಡುವ ನಮ್ಮ ತಪ್ಪಿನ ಪುಸ್ತಕ ಖಾಲಿ. ಒಂದೂ ತಪ್ಪಿಲ್ಲ. ಬೈದದ್ದು ನಾಟಿತು ಎಂದು ನಾನು ಹೆಮ್ಮೆಯಿಂದ ಮೈಸೂರಿಗೆ ವರದಿ ಕಳಿಸಿದೆ. ಇಷ್ಟು ವರ್ಷದ ಅನುಭವದ ಹೆಂಗಸು, ಖಾಲಿ ಪುಸ್ತಕ ನೋಡಿ ಬೆಚ್ಚಬೇಕಾಗಿತ್ತು. ಬೆಚ್ಚಲಿಲ್ಲ.

ಮಾಲು ಕಳಿಸುವ ದಿನ ಬಂತು. ಲಾರಿ ಬಾಗಿಲಲ್ಲಿ ನಿಂತಿತ್ತು. ನಮ್ಮಲ್ಲಿ ಒಂದು ನಿಯಮವಿದೆ: ಪ್ರತಿಯೊಂದು ಉಪಕರಣಕ್ಕೂ ಗೋಡೆಯ ಹಲಗೆಯ ಮೇಲೆ ಅದರದೇ ಆಕಾರದ ಜಾಗ, ಮೈಮೇಲೆ ಕೊರೆದ ಸಂಖ್ಯೆ. ಒಂದು ಕಾಣದಿದ್ದರೂ ಏನೂ ಹೊರಗೆ ಹೋಗುವಂತಿಲ್ಲ, ಯಾಕೆಂದರೆ ಕಳೆದದ್ದು ಕಂತೆಯೊಳಗೆ ಸೇರಿ ವಿಮಾನಕ್ಕೆ ಹೋಗಿಬಿಡಬಹುದು. ಹಲಗೆ ತುಂಬಿತ್ತು. ಅಭ್ಯಾಸಬಲದಿಂದ ಸಂಖ್ಯೆ ಓದುತ್ತ ಬಂದೆ. ಹದಿನಾಲ್ಕರ ಜಾಗದಲ್ಲಿ ನಲವತ್ತೊಂದು ಕುಳಿತಿತ್ತು. ಅದು ಬೆರಳುದ್ದದ, ಪಿನ್ನು ಕೀಳುವ ಸಾಧನ.

“ಬಸವರಾಜ, ಇದೇನು?”

ಅವನ ಮುಖ ಬಿಳಿಚಿತು. “ಹಳೇದು ನಿನ್ನಿ ಕಾಣಲಿಲ್ರಿ. ಗೋದಾಮಿನಾಗಿಂದ ಹೊಸಾದು ತಂದಿಟ್ಟೀನಿ. ಹುಡುಕಾಕತ್ತೇವ್ರಿ, ಸಿಗತದ. ನಿಮಗ ತ್ರಾಸ ಆಗಬಾರ್ದಂತ…”

ಎಲ್ಲರನ್ನೂ ಸೇರಿಸಿ ಕೇಳಿದೆ: ಯಾರಿಗೆ ಗೊತ್ತಿತ್ತು? ಎಲ್ಲರ ಕಣ್ಣೂ ಬಸವರಾಜನ ಕಡೆ ಹೊರಳಿದವು. ನಾನು ಮತ್ತೆ ಕೂಗಾಡತೊಡಗಿದೆ. ಆಗ ಶಿವಕಾಂತಮ್ಮ ಎದ್ದಳು.

“ಎಲ್ಲಾರಿಗೂ ಗೊತ್ತಿತ್ರಿ. ಹೇಳಿದ್ರ ಬೈತೀರಿ. ಹೇಳಲಿಲ್ಲಂದ್ರ ಛಲೋ ಕೆಲ್ಸ ಅಂತೀರಿ. ನಾವು ಏನ್ ಮಾಡಬೇಕ್ರಿ, ನೀವೇ ಹೇಳ್ರಿ.”

ಹಳೆಯದೊಂದು ದಿನ ನೆನಪಾಯಿತು. ನಾನು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ, ಅಳತೆಯೊಂದನ್ನು ತಪ್ಪಾಗಿ ಓದಿ ಅಳುತ್ತ ನನ್ನ ಮೊದಲ ಮೇಲಧಿಕಾರಿಯ ಮುಂದೆ ನಿಂತಿದ್ದೆ. ಅವರು ಕುರ್ಚಿ ತೋರಿಸಿ, “ಕೂತ್ಕೊಳಮ್ಮ, ಹೇಳಿದ್ದು ಒಳ್ಳೇದಾಯ್ತು” ಎಂದಿದ್ದರು. ಆ ಒಂದು ಮಾತಿನ ಬಲದ ಮೇಲೆ ನಾನು ಇಷ್ಟು ದೂರ ಬಂದದ್ದು. ಮೇಲೆ ಹತ್ತುತ್ತ ಹತ್ತುತ್ತ ಆ ಮಾತನ್ನೇ ಬಿಟ್ಟು ಬಂದಿದ್ದೆ.

ಲಾರಿಯನ್ನು ವಾಪಸು ಕಳಿಸಿದೆವು. ಕಟ್ಟಿದ ಪೆಟ್ಟಿಗೆಗಳನ್ನೆಲ್ಲ ಒಡೆದು, ಒಂದೊಂದೇ ಕಂತೆಯನ್ನು ಬೆರಳಲ್ಲಿ ಒತ್ತಿ ನೋಡುತ್ತ ಹೋದೆವು. ನಾನೂ ನೆಲದ ಮೇಲೆ ಕುಳಿತೆ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಒಬ್ಬಳು “ಇಲ್ಲಿ ಗಟ್ಟಿ ಹತ್ತತದ್ರಿ” ಎಂದಳು. ಒಂಬತ್ತನೆಯ ಕಂತೆಯ ಹೊದಿಕೆಯೊಳಗೆ, ತಂತಿಗಳ ನಡುವೆ, ಹದಿನಾಲ್ಕು ತಣ್ಣಗೆ ಮಲಗಿತ್ತು. ಯಾರೂ ಖುಷಿಪಡಲಿಲ್ಲ. ಬಸವರಾಜ ಗೋಡೆಗೆ ಒರಗಿ ಕುಳಿತು ಮುಖ ಮುಚ್ಚಿಕೊಂಡ.

ಸಂಜೆ ಮೈಸೂರಿನಿಂದ ಫೋನು. ಮಾಲು ಯಾಕೆ ಬರಲಿಲ್ಲ, ತಪ್ಪು ಯಾರದು, ಹೆಸರು ಕೊಡಿ. “ನನ್ನ ಹೆಸರು ಬರೆದುಕೊಳ್ಳಿ” ಎಂದೆ. ಅತ್ತಲಿನವರು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ಎರಡನೆಯ ಸಲ ಹೇಳಬೇಕಾಯಿತು.

ಮರುದಿನ, ಬೈದದ್ದು ಎಲ್ಲರ ಮುಂದೆ, ಹಾಗಾಗಿ ಎಲ್ಲರ ಮುಂದೆಯೇ ಶಿವಕಾಂತಮ್ಮನ ಕ್ಷಮೆ ಕೇಳಿದೆ. ಅವಳು ನಾಚಿ, “ಅಯ್ಯ, ಬಿಡ್ರಿ ಮೇಡಂ, ಕೆಲ್ಸ ನಡೀಲಿ” ಎಂದಳು. ಉಪಕರಣದ ಹಲಗೆಯನ್ನು ಅವಳ ಕೈಗೇ ಒಪ್ಪಿಸಿದೆ. ಬಸವರಾಜನನ್ನು ತೆಗೆಯಲಿಲ್ಲ, ತಪ್ಪಿನ ಪುಸ್ತಕ ಬರೆಯುವ ಕೆಲಸ ಕೊಟ್ಟೆ. ಒಂದೇ ವಾರದಲ್ಲಿ ಹನ್ನೊಂದು ತಪ್ಪು ಬರೆದ. ಓದಿ ನನ್ನ ರಕ್ತ ಕುದಿಯಿತು. ನಾಲಿಗೆ ಕಚ್ಚಿಕೊಂಡು ಕುರ್ಚಿ ತೋರಿಸುವುದನ್ನು ಮತ್ತೆ ಕಲಿತೆ. ಇಂದಿಗೂ ದಿನಕ್ಕೆರಡು ಸಲ ಕಲಿಯುತ್ತಿದ್ದೇನೆ.

ನಾನು ಸುಧಾರಿಸಿದ್ದೇನೆ ಎಂದಲ್ಲ. ನೀರು ಬಾರದ ದಿನ, ನಾಳೆ ಬರುತ್ತೇನೆಂದ ನಲ್ಲಿ ರಿಪೇರಿಯವನು ಮೂರು ನಾಳೆ ಕಳೆದು ಬಂದ ದಿನ, ಮೈಸೂರೇ ವಾಸಿ ಎಂದು ನೀಲಮ್ಮನಿಗೆ ಕೇಳಿಸುವಂತೆಯೇ ಗೊಣಗುತ್ತೇನೆ. ಅವರು, “ಹೋಗ್ರಿ ಹಂಗಾರ, ಯಾರ್ ಹಿಡದಾರ?” ಎನ್ನುತ್ತ ರೊಟ್ಟಿ ಮುಂದಿಡುತ್ತಾರೆ.

ಹೋಗಿಯೂ ನೋಡಿದೆ. ಹೋದ ತಿಂಗಳು ಹತ್ತು ದಿನ ಮೈಸೂರಿನಲ್ಲಿದ್ದೆ. ಎರಡು ವರ್ಷದ ಗಡುವು ಮುಗಿಯುತ್ತ ಬಂದಿದೆ, ಅಲ್ಲಿ ನನ್ನ ಹಳೆಯ ಕುರ್ಚಿ ಖಾಲಿ ಇದೆ. ಅಕ್ಕನ ಮನೆಯ ಜಗುಲಿಯಲ್ಲಿ ಒಳ್ಳೆಯ ಕಾಫಿ ಕುಡಿಯುತ್ತ, ಎಲ್ಲವೂ ಎಷ್ಟು ಮೆತ್ತಗಿದೆ, ಎಷ್ಟು ನಿಧಾನವಾಗಿದೆ ಎಂದು ಅಲ್ಲಿಯೂ ಸಿಡಿಮಿಡಿಗೊಳ್ಳುತ್ತಿದ್ದೆ. ಆಗ ಶಿವಕಾಂತಮ್ಮನ ಫೋನು ಬಂತು. “ಮೇಡಂ, ಇವತ್ತ ಎರಡ್ ತಪ್ಪ್ ಆಗ್ಯಾವ್ರಿ. ಮಾಲ್ ನಿಂದ್ರಸೀವಿ. ನೀವು ಗಾಬರಿ ಆಗಬ್ಯಾಡ್ರಿ.” “ಛಲೋ ಮಾಡೀರಿ” ಎಂದು ನನ್ನ ಬಾಯಿಂದ ತಾನಾಗಿಯೇ ಬಂತು.

ಅಕ್ಕ ನಕ್ಕಳು. “ಯಾರೇ ಅದು?”

“ನಮ್ಮೋರು” ಎಂದೆ.

“ನಮ್ಮೋರು ಅಂದ್ರೆ ನಾವಲ್ವೇನೇ?” ಎಂದು ಅಕ್ಕ ಕೇಳಿದಳು. ನಗು ನಿಂತಿತ್ತು. ನಾನು ಲೋಟದ ತಳದಲ್ಲಿ ಉಳಿದಿದ್ದ ಕಾಫಿಯನ್ನು ಮುಗಿಸಿ, ಇನ್ನಷ್ಟು ಹಾಕೆಂದು ಲೋಟವನ್ನು ಅವಳ ಮುಂದೆ ಹಿಡಿದೆ.