ಅಕ್ಕನ ಬೆನ್ನಿನ ಅಂಕ

ಗುಂಯ್... ಟಕ್. ಮತ್ತೆ ಗುಂಯ್. ಯಂತ್ರದ ತೋಳು ಮಂಚದುದ್ದಕ್ಕೂ ತೆವಳುವ ಈ ಸದ್ದು ಕೇಳಿದರೇ ಮೂಳೆಯಣ್ಣನಿಗೆ ಬೆಳಗಾದಂತೆ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನದು ಒಂದೇ ಕೆಲಸ: ಮಲಗಿದವರ ಮೂಳೆಗೆ ಎಕ್ಸ್‌-ರೇ ಹಾಯಿಸಿ, ಅದರಲ್ಲಿ ಸುಣ್ಣ ಎಷ್ಟು ಉಳಿದಿದೆಯೆಂದು ಅಳೆದು ಅಂಕ ತೆಗೆಯುವುದು. ದಿನವೂ ಮೊದಲು ಮಲಗುವುದು ಮಾತ್ರ ಒಂದು ಪ್ಲಾಸ್ಟಿಕ್ ಬೆನ್ನೆಲುಬು, ಯಂತ್ರ ಸರಿಯಿದೆಯೇ ಎಂದು ನೋಡಲು. ಅದರ ಅಂಕ ಎಂದೂ ಒಂದೇ. "ಈ ಊರಲ್ಲಿ ಮಾತು ಬದಲಿಸದವನು ನೀನೊಬ್ಬನೇ ಕಣಯ್ಯಾ," ಎಂದು ಅದರ ಬೆನ್ನು ತಟ್ಟಿ ಕಪಾಟಿನಲ್ಲಿಡುತ್ತಿದ್ದ.

ಆ ಸೋಮವಾರ ಅದೇ ಮಂಚದ ಮೇಲೆ ಅವನ ಅಕ್ಕ ಮಲಗಿದಳು. ಅಂಗಡಿಗಳಿಗೆ ಬೋರ್ಡು ಬರೆಯುವವಳು. ಅರವತ್ತೇಳರಲ್ಲಿ ನಲವತ್ತು ವರ್ಷ ಏಣಿಯ ಮೇಲೆಯೇ ಕಳೆದವಳು. ಹೋದ ವರ್ಷ ಬಾಗಿಲಲ್ಲಿ ಎಡವಿ ಮಣಿಕಟ್ಟು ಮುರಿದುಕೊಂಡಿದ್ದಳು. ಬೆನ್ನಿನ ಅಂಕ ಮೈನಸ್ ಎರಡೂವರೆಗಿಂತ ಕೆಳಗಿಳಿದರೆ ಇನ್ನು ಏಣಿ ಹತ್ತುವಂತಿಲ್ಲವೆಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು.

"ಜೇಬಲ್ಲಿ ಬೀಗದ ಕೈ ಏನಾದ್ರೂ ಇದೆಯಾ?"

"ಎಲ್ಲ ತೆಗ್ದಿಟ್ಟಿದೀನಿ. ಈಗ ಗಟ್ಟಿ ಅನ್ನೋದು ಉಳಿದಿದ್ರೆ ನಾನೊಬ್ಳೇ."

ತೋಳು ತೆವಳಿತು. ಅಂಕ ನೋಡಿ ಮೂಳೆಯಣ್ಣನ ಹುಬ್ಬು ಹಣೆಗೇರಿತು. ಇಪ್ಪತ್ತರ ಹುಡುಗಿಯ ಮೂಳೆ! ಚಿತ್ರಕ್ಕೆ ಕಣ್ಣಿಟ್ಟ. ಎಲುಬಿನ ಮೇಲೆ ನಾಲ್ಕು ಬಿಳಿ ಚುಕ್ಕೆ, ಪೋಣಿಸಲು ಮರೆತ ಮೊಗ್ಗುಗಳಂತೆ.

"ಅಕ್ಕಾ, ಬೆಳಗ್ಗೆ ಏನು ತಿಂದೆ?"

"ಏನೂ ಇಲ್ಲಪ್ಪ."

"ಆ ಏನೂ ಇಲ್ಲ ಅನ್ನೋದು ಇಲ್ಲಿ ನಾಲ್ಕು ಕಾಣ್ತಿದೆ. ದುಂಡಗೆ."

ಅಕ್ಕ ಸೂರು ನೋಡಿದಳು. "ಕ್ಯಾಲ್ಸಿಯಂ ಮಾತ್ರೆ. ಪರೀಕ್ಷೆ ಅಂದ್ಮೇಲೆ ಸ್ವಲ್ಪ ಓದ್ಕೊಂಡು ಬರಬಾರದಾ?"

"ಅದಿನ್ನೂ ಹೊಟ್ಟೇಲಿ ಕರಗೇ ಇಲ್ಲ ತಾಯಿ! ಮಿಷಿನ್ನು ಅದನ್ನೂ ಮೂಳೆ ಅಂತ ಎಣಿಸ್ಕೊಂಡಿದೆ."

"ಎಣಿಸ್ಕೊಳ್ಳಲಿ ಬಿಡು. ನಿನಗ್ಯಾಕೆ ಹೊಟ್ಟೆಯುರಿ?"

ಬಂದ ಅಂಕವನ್ನೇ ದಾಖಲಿಸುವ ಒಂದು ಗುಂಡಿ ಒತ್ತಿದರೆ ಸಾಕು, ಅಕ್ಕನ ಏಣಿ ಉಳಿಯುತ್ತಿತ್ತು. ಚಿಕ್ಕಂದಿನಲ್ಲಿ ಆ ಏಣಿಯ ಬುಡ ಹಿಡಿದು ನಿಂತವನು ಅವನೇ. ಅವಳು ಬರೆದ ಒಂದೊಂದು ಅಕ್ಷರದ ಹನಿಯೂ ಅವನ ತಲೆಗೇ ಬೀಳುತ್ತಿತ್ತು. ಬೆರಳು ಗುಂಡಿಯ ಮೇಲೆ ನಿಂತಿತು. ಕಪಾಟಿನಿಂದ ಪ್ಲಾಸ್ಟಿಕ್ ಬೆನ್ನೆಲುಬು ನೋಡುತ್ತಿದ್ದಂತಿತ್ತು. ಅಂಕ ಅಳಿಸಿಬಿಟ್ಟ.

"ಗುರುವಾರ ಬಾ. ಅಲ್ಲೀತನಕ ಮಾತ್ರೆ ಮುಟ್ಟಬೇಡ."

ಗುರುವಾರ ಬಂದದ್ದು ಮೈನಸ್ ಎರಡು ಪಾಯಿಂಟ್ ಏಳು.

ಅಕ್ಕ ಎದ್ದು ಕೂತು, ಉಗುರಿಗೆ ಅಂಟಿದ್ದ ಬೋರ್ಡಿನ ಬಣ್ಣ ಕೆರೆಯತೊಡಗಿದಳು.

"ಇದಕ್ಕೆ ಔಷಧಿ ಇದೆ ಅಕ್ಕಾ," ಎಂದ. "ಬೋರ್ಡನ್ನ ನೆಲದ ಮೇಲೇ ಇಟ್ಕೊಂಡು ಬರಿ. ಅಕ್ಷರಕ್ಕೇನು ಎತ್ತರ ಗೊತ್ತಾಗುತ್ತಾ?"

"ಬರೀತೀನಿ. ಮೇಲೆ ಹತ್ತಿ ಕಟ್ಟೋರ್ಯಾರು?"

"ನಾನಿಲ್ವಾ?" ಮಾತು ಬಾಯಿ ಜಾರಿಬಿಟ್ಟಿತ್ತು.

ಅಕ್ಕ ಮಂಚದಿಂದಿಳಿದು ಅದರ ಮೇಲಿನ ಹಾಳೆ ಸರಿಪಡಿಸಿದಳು. "ಹಾಗಾದ್ರೆ ಬಾ, ಮಲಗು. ಊರವರ ಮೂಳೆಯೆಲ್ಲ ನೋಡಿದೀಯ, ನಿಂದು ಒಂದ್ಸಲವಾದ್ರೂ ನೋಡ್ಕೊಂಡಿದೀಯಾ?"

ಮೂಳೆಯಣ್ಣ ಮಂಚ ನೋಡಿದ, ಬಾಗಿಲು ನೋಡಿದ. "ಮುಂದಿನವರು ಯಾರು?" ಎಂದು ಕೂಗುತ್ತ ಹೊರಬಿದ್ದ.

"ಹೊರಗೆ ಯಾರೂ ಇಲ್ಲ ಕಣೋ! ಬಾರೋ, ಏನೂ ನೋಯಲ್ಲ..."

ಅಕ್ಕ ಹೇಳುತ್ತಲೇ ಇದ್ದಳು. ಅವನಾಗಲೇ ಮೆಟ್ಟಿಲೇರುತ್ತಿದ್ದ, ಪಕ್ಕದ ಕಂಬಿಯನ್ನು ಭದ್ರವಾಗಿ ಹಿಡಿದುಕೊಂಡು.