ಸದ್ದಿಲ್ಲದ ಎರಡು ನಿಮಿಷ

ಮೊನ್ನೆ ಹಳೇ ಟಾರ್ಚಿನ ಮುಚ್ಚಳ ತಿರುಗಿಸಿದರೆ ಒಳಗೆ ಸೆಲ್ ಸೋರಿ ಒಂಥರಾ ಹುಳಿ ವಾಸನೆ... ಅರಸೀಕೆರೆಯ ನಮ್ಮ ಎದುರುಮನೆಯವರು ನೆನಪಾದರು. ಅವರ ರೆಕಾರ್ಡರ್ ಚೀಲಕ್ಕೂ ಇದೇ ವಾಸನೆಯಿತ್ತು.

ಅವರು ವಿದೇಶದ ರೇಡಿಯೋ ಒಂದರ ಕರೆಸ್ಪಾಂಡೆಂಟ್. ಎಲ್ಲಿ ಯುದ್ಧವೋ, ಎಲ್ಲಿ ಭೂಕಂಪವೋ ಅಲ್ಲಿಂದ ಅವರ ದನಿ. ತೊಂಬತ್ತರ ದಶಕದಲ್ಲೊಮ್ಮೆ ರಜೆಗೆ ಬಂದವರು ನಮ್ಮ ಸೀಮೆಯ ಬಗ್ಗೆಯೇ ಪ್ರೋಗ್ರಾಂ ಮಾಡಲು ಹೊರಟರು. ಹಳೇಬೀಡಿನಲ್ಲಿ ಹುಟ್ಟಿದ ನನ್ನ ಅಮ್ಮನನ್ನು ಕೂರಿಸಿ, ಹುಲಿಕೆರೆ ಕೊಳದ ಮೆಟ್ಟಿಲಿಳಿದು ಆಡಿದ ಕಥೆಗಳನ್ನೆಲ್ಲ ಹೇಳಿಸಿದರು. ಕೊನೆಗೆ, "ಮುಗೀತು ಕಣಮ್ಮ. ಇನ್ನೆರಡು ನಿಮಿಷ ಸುಮ್ನೆ ಕೂತ್ಕೊಳಿ, ಖಾಲಿ ರೂಮಿನ ಸದ್ದು ಬೇಕು," ಎಂದರು. ಮಾತುಗಳ ನಡುವೆ ಜೋಡಿಸಲು ಹಾಗೆ ರೆಕಾರ್ಡ್ ಮಾಡಿಕೊಳ್ಳುವುದು ಅವರ ಕಸುಬಿನಲ್ಲಿ ರೂಢಿಯಂತೆ.

ಮುಗೀತು ಅಂದಿದ್ದಷ್ಟೇ ಅಮ್ಮನಿಗೆ ಕೇಳಿಸಿದ್ದು. ಕೂತಲ್ಲೇ ಕಣ್ಣು ತುಂಬಿ, ಕಾಯಿಲೆಯಲ್ಲಿ ತೀರಿಹೋದ ನನ್ನ ತಮ್ಮನ ಬಗ್ಗೆ ಯಾರಿಗೂ ಹೇಳದ ಮಾತೊಂದನ್ನು ಆಡಿಬಿಟ್ಟಳು. ಅದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅವರು ತಲೆಯಾಡಿಸಿದರು, ಮೆಷಿನ್ ನಿಲ್ಲಿಸಲಿಲ್ಲ.

ಆ ಎರಡು ನಿಮಿಷವೇ ಅವರಿಗೆ ದೊಡ್ಡ ಅವಾರ್ಡ್ ತಂದಿತು. ಲಂಡನ್ನಿನ ನೆಂಟರು ರೇಡಿಯೋ ಕೇಳಿ ಫೋನ್ ಮಾಡಿದರು. ಅಮ್ಮ ಆಮೇಲೆ ಯಾರ ಮನೆಗೂ ಹೋಗಲಿಲ್ಲ. ಸ್ವೀಟ್ ಬಾಕ್ಸ್ ಹಿಡಿದು ಬಂದ ಅವರನ್ನು ಒಂದೇ ಮಾತು ಕೇಳಿದಳು: "ಏನಪ್ಪಾ, ನನ್ನ ಅಳು ಎಷ್ಟು ದೇಶ ಸುತ್ತಿ ಬಂತು?" ಎರಡು ವರ್ಷಕ್ಕೆ ಹೋಗಿಯೇಬಿಟ್ಟಳು...

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಫರ್ಗಿವ್‌ನೆಸ್ ಕಲಿಸಿದ್ದರು. ಆ ಪಾಠದಲ್ಲಿ ಮಾತ್ರ ನಾನು ಫೇಲ್.

ಕೆಲವು ವರ್ಷ ಕಳೆದು ಬೇಲೂರಿನಲ್ಲಿ ಅವರಿಗೆ ಸನ್ಮಾನ. ಟೀಚರಾಗಿದ್ದ ನನ್ನ ಇಂಗ್ಲಿಷ್ ಚೆನ್ನಾಗಿದೆಯೆಂದು ಸೈಟೇಷನ್ ಬರೆದು ಓದುವ ಕೆಲಸ ನನಗೇ ಬಂತು. ಅವರು ಸುತ್ತಿದ ದೇಶಗಳನ್ನು ಓದಿದೆ, ಚಪ್ಪಾಳೆ. ಅವಾರ್ಡ್ ಹೇಗೆ ಬಂತು ಎಂಬ ಕೊನೆಯ ಪ್ಯಾರಾವನ್ನು ಮಾತ್ರ ಕನ್ನಡದಲ್ಲಿ ಬರೆದುಕೊಂಡಿದ್ದೆ. ನಿಧಾನವಾಗಿ, ಹಿಂದಿನ ಸಾಲಿಗೂ ಮುಟ್ಟುವಂತೆ ಓದಿದೆ. ಹಾಲ್‌ನಲ್ಲಿದ್ದವರೆಲ್ಲ ಅವರನ್ನೇ ನೋಡಿದರು.

ಅವರು ಸನ್ಮಾನದ ಶಾಲು ಹೊದ್ದೇ ನನ್ನ ಹತ್ತಿರ ಬಂದರು. "ಇಷ್ಟು ವರ್ಷ ಕಾದ್ಕೊಂಡಿದ್ರಾ, ಟೀಚರಮ್ಮ?"

"ಹೂಂ ಕಣ್ರೀ. ಮೈಕು ನನ್ನ ಕೈಗೆ ಬರೋವರೆಗೆ."

ಅವರು ಕೋಟಿನ ಜೇಬಿನಿಂದ ಕ್ಯಾಸೆಟ್ ಒಂದನ್ನು ಅರ್ಧ ಹೊರತೆಗೆದರು. "ಅಮ್ಮ ಆಡಿದ ಮಾತು ಪೂರ್ತಿ ಇದರಲ್ಲಿದೆ. ನಿಮಗೆ ಕೊಡೋಣ ಅಂತ ತಂದಿದ್ದೆ."

ನಾನು ಕೈ ಚಾಚಲಿಲ್ಲ. ಅವರು ಮತ್ತೆ ಒಳಗಿಟ್ಟುಕೊಂಡರು.

ಈಗ ಅವರೂ ಇಲ್ಲ. ಯಾವುದೋ ದೇಶದಲ್ಲಿ ತೀರಿಕೊಂಡರಂತೆ, ಆ ಕ್ಯಾಸೆಟ್ ಏನಾಯಿತೋ. ಸುದ್ದಿ ಕೇಳಿ ಒಂದು ಹನಿ ಕಣ್ಣೀರೂ ಬರಲಿಲ್ಲ. ಇವತ್ತು ಕರೆದರೂ ಅದೇ ಪ್ಯಾರಾ ಓದುತ್ತೇನೆ. ಆದರೆ ಅಮ್ಮ ಒಳಗಿಂದ ನನ್ನನ್ನು ಕೂಗುವಾಗ ಹೆಸರಿನ ಯಾವ ಅಕ್ಷರವನ್ನು ಎಳೆಯುತ್ತಿದ್ದಳು... ಎಷ್ಟು ಕೂತು ನೆನೆದರೂ ಕಿವಿಗೆ ಬರುತ್ತಿಲ್ಲ.