ಗೋಡೆಯಾಚೆ ಕೂತವಳು

ನಮ್ಮಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ತಂಗಿಯಾದ ನಾನು "ಕೂರುವುದು" ಎನ್ನುತ್ತಿದ್ದೆ. ಅವಳಿಗೆ ಸಿಟ್ಟು ಬರುತ್ತಿತ್ತು. ಹೇಳಿಕೊಳ್ಳುವುದಕ್ಕೆ ಅವಳು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಹೊರಳಲಾಗದವರನ್ನು ಹೊರಳಿಸುವುದು, ಬೆನ್ನು ಒರೆಸಿ ಪೌಡರ್ ಹಾಕುವುದು, ಉಗುರು ಕತ್ತರಿಸುವುದು, ರೋಗಿ ಮಲಗಿದ್ದಂತೆಯೇ ಕೆಳಗಿನ ಚಾದರ ಬದಲಿಸುವುದು, ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವಳ ಹೆಚ್ಚುಗಾರಿಕೆ ಇದ್ದದ್ದು ರೋಗಿಯ ಪಕ್ಕ ಸುಮ್ಮನೆ ಕೂರುವುದರಲ್ಲಿ. ನಾವು ನೀವಾದರೆ ಕೂತ ಸ್ವಲ್ಪ ಹೊತ್ತಿಗೇ ಗಡಿಯಾರ ನೋಡುತ್ತೇವೆ, ಆಮೇಲೆ ಧೈರ್ಯದ ಮಾತು ಶುರು ಮಾಡುತ್ತೇವೆ, ರೋಗಿಗೆ ಇದ್ದ ಧೈರ್ಯವೂ ಹೋಗುತ್ತದೆ. ಅಕ್ಕ ಬಾಯಿ ಬಿಡುತ್ತಿರಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ತನಗೆ ಬೇರೆಲ್ಲೂ ಹೋಗುವುದಕ್ಕಿಲ್ಲ ಎಂಬಂತೆ ಕೂರುತ್ತಿದ್ದಳು.

ಅಂಥವಳಿಗೆ ಸಿಕ್ಕಿದ ಗಂಡ, ಅಂದರೆ ನಮ್ಮ ಭಾವ, ಒಂದು ಗಳಿಗೆ ಸುಮ್ಮನಿರಲಾರದ ಮನುಷ್ಯ. ನಮ್ಮದೇ ಬೀದಿಯಲ್ಲಿ ಅವರ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಫ್ಯಾನು, ಪಂಪು, ಮಿಕ್ಸಿಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ರಿಪೇರಿಯಾದ ಮೋಟರು ಸರಿಯಾಗಿ ಓಡುತ್ತಿದೆಯೇ ಎಂದು ಕಿವಿಯಿಟ್ಟು ಕೇಳುತ್ತಾ ಕೇಳುತ್ತಾ ಅವರಿಗೆ ಆ ಸದ್ದಿನ ಹುಚ್ಚು ಹಿಡಿಯಿತು. ಮೋಟರಿನ ಮೈಗೆ ಪುಟ್ಟ ಮೈಕು ಅಂಟಿಸಿದರು, ಅದರಿಂದ ಆಂಪ್ಲಿಫೈಯರಿಗೆ ತಂತಿ ಎಳೆದರು, ತಗಡಿನ ಹಾಳೆಗಳನ್ನು ಸೂರಿನಿಂದ ನೇತು ಹಾಕಿದರು. ತಿಂಗಳಿಗೊಂದು ಶನಿವಾರ ಸಂಜೆ ಅಂಗಡಿಯ ಷಟರ್ ಅರ್ಧ ಇಳಿಸಿ ಆ ಸದ್ದಿನ ಕಛೇರಿ ಶುರು ಮಾಡಿದರು. "ರಾಗ ತಾಳ ಹುಡುಕಬೇಡಿ, ಸದ್ದು ಕೇಳಿ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ನಾನು ಹುಡುಕಲಿಲ್ಲ. ಯಾರೋ ನನ್ನ ತಲೆಯ ಮೇಲಿನ ಮಹಡಿಯಲ್ಲಿ ಕಬ್ಬಿಣದ ಬೀರು ಎಳೆದಾಡುತ್ತಿದ್ದಾರೆ ಅನ್ನಿಸಿತು, ಒಂದು ಗಂಟೆ ಹೊತ್ತು ಎಳೆದರು.

ಆದರೂ ಇದನ್ನು ಕೇಳುವವರಿದ್ದರು. ಊರಿನ ಇನ್ನೊಂದು ತುದಿಯಿಂದ ಗಡ್ಡದವರು, ಬಗಲಚೀಲದವರು ಬಂದು, ಗ್ರೀಸಿನ ಕಲೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಕೆಲವರು ತಾವೂ ಏನಾದರೂ ತಂದು ನುಡಿಸುತ್ತಿದ್ದರು. ಒಬ್ಬಾಕೆ ಸೈಕಲ್ ಚಕ್ರದ ಕಡ್ಡಿಗಳನ್ನು ಪಿಟೀಲಿನ ಕಮಾನಿನಿಂದ ಉಜ್ಜುತ್ತಿದ್ದಳು. ಬಾರದಿದ್ದವರು ನಮ್ಮ ಬೀದಿಯವರು. ನನ್ನ ಜೆರಾಕ್ಸ್ ಅಂಗಡಿಯಲ್ಲಿ ಪೋಸ್ಟರ್ ತೆಗೆದು ಮನೆಮನೆಗೆ ಹಂಚಿದ್ದಾಯಿತು. ಭಾವನ ಅಂಗಡಿಯ ಪಕ್ಕದ ಬೇಕರಿಯವನು ಅದನ್ನು ಬಿಸ್ಕತ್ತಿನ ತಟ್ಟೆಗೆ ಹಾಸಿದ. ಕಾಗದ ಚೆನ್ನಾಗಿದೆ, ಎಣ್ಣೆ ಹೀರುತ್ತದೆ ಎಂದು ನನಗೇ ಹೇಳಿದ.

ಒಂದು ಸಲ ಹೊರಗಿನಿಂದ ಬಂದ ಗಡ್ಡದವನೊಬ್ಬ ಹೋಗುವಾಗ ಕೇಳಿದ: "ಇಲ್ಲಿಯವರು ಯಾರೂ ಬರಲ್ವಾ ಸಾರ್?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಭಾವನ ಮುಖ ಸಣ್ಣಗಾಯಿತು. ರಾತ್ರಿ ಊಟಕ್ಕೆ ಕೂತಾಗ ಅಕ್ಕನೆದುರು ಅದನ್ನೇ ಹಲುಬಿದರು.

"ಹೊರಗಿನವರು ಎಷ್ಟು ಜನ ಬಂದರೇನು? ನಾನು ಯಾರ ಮನೆ ಫ್ಯಾನು ತಿರುಗೋ ಹಾಗೆ ಮಾಡ್ತೀನೋ ಅವರು ಒಬ್ಬರೂ ಬಂದು ಕೂರಲ್ಲ. ಒಂದೇ ಒಂದು ಸಲ ನಮ್ಮ ಬೀದಿ ನನ್ನ ಕೇಳಿದ್ರೆ ಸಾಕು ಕಣೇ."

ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ತಿಂಗಳು ಬೀದಿ ಬಂತು. ಬೇಕರಿಯ ಗಂಡ ಹೆಂಡತಿ ಬಂದರು. ಮೆಡಿಕಲ್ ಸ್ಟೋರಿನವರು, ಇಸ್ತ್ರಿ ಅಂಗಡಿಯವನು, ರಿಟೈರಾದ ಬಸ್ ಕಂಡಕ್ಟರ್, ಅವರ ಹಿಂದೆ ಇನ್ನಷ್ಟು ಜನ. ನೆಲದ ಮೇಲೆ ಕೂರುವ ವಯಸ್ಸಲ್ಲವೆಂದು ನಾನು ಓಡಾಡಿ ಕುರ್ಚಿ ತಂದು ಹಾಕಿದೆ. ಫೋನು ಮೊಳಗಲಿಲ್ಲ, ಯಾರೂ ನಗಲಿಲ್ಲ, ನಡುವೆ ಎದ್ದು ಹೋಗಲಿಲ್ಲ. ಭಾವ ಎರಡೂ ಕೈ ಎತ್ತಿದ ಮೇಲೆ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಭಾವ ಕಣ್ಣೊರೆಸಿಕೊಂಡರು. ಅವರ ಕಛೇರಿ ಎಂದರೆ ತಲೆನೋವು ಎನ್ನುತ್ತಿದ್ದ ನಾನೂ ಅವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ತಿಂಗಳು ತಿಂಗಳು ಕುರ್ಚಿಗಳು ತುಂಬಿದವು, ಅವರ ತಲೆಯೂ ತುಂಬಿತು. "ಕೆಲಸ ಪ್ರಾಮಾಣಿಕವಾಗಿದ್ರೆ ಜನ ತಾವಾಗೇ ಬರ್ತಾರೆ ನೋಡು" ಎಂದು ನನಗೆ ಉಪದೇಶ ಬೇರೆ. ಒಂದೇ ಕೊರಗು. "ಬೀದಿಗೆ ಬೀದಿಯೇ ಬರುತ್ತೆ, ನಿಮ್ಮಕ್ಕ ಮಾತ್ರ ಬರಲ್ಲ. ಹೊರಗೆಲ್ಲ ಕಿವಿಗಳಿವೆ, ನಮ್ಮನೇಲೇ ಇಲ್ಲ."

ಅಕ್ಕ ಶನಿವಾರ ಸಂಜೆ ಎಲ್ಲಿರುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಡ್ಯೂಟಿ ಇರಬೇಕೆಂದುಕೊಂಡಿದ್ದೆ. ಒಂದು ಶನಿವಾರ ಕಛೇರಿಗೆ ಬಂದವರಿಗೆ ಕೊಡಲು ಬನ್ನು ತರೋಣವೆಂದು ಬೇಕರಿಗೆ ಹೋದರೆ ಮುಂಬಾಗಿಲು ಹಾಕಿತ್ತು. ಹಿಂದಿನಿಂದ ಅವರ ಮನೆಯೊಳಗೆ ಹೋದೆ. ಬೇಕರಿಯವನ ತಾಯಿ ವರ್ಷಗಳಿಂದ ಹಾಸಿಗೆ ಹಿಡಿದವರು. ಕೆಮ್ಮು ಬಂದರೆ ಎತ್ತಿ ಕೂರಿಸಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ, ಹಾಗಾಗಿ ಒಬ್ಬರನ್ನೇ ಬಿಡುವಂತಿಲ್ಲ. ಅವರ ಮಂಚದ ಪಕ್ಕ ಸ್ಟೂಲಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನಮ್ಮಕ್ಕ ಕೂತಿದ್ದಳು. ಆ ಗೋಡೆಯ ಆಚೆಯೇ ಭಾವನ ಅಂಗಡಿ.

"ನೀನಿಲ್ಲಿ ಏನ್ ಮಾಡ್ತಿದ್ದೀಯೇ?"

"ಕೂತಿದ್ದೀನಿ" ಎಂದಳು. ನಾನು ಅಣಕಿಸುತ್ತಿದ್ದ ಮಾತನ್ನೇ ನನ್ನ ಮೇಲೆ ಎಸೆದಳು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಬೇಕರಿಯವರು ಕಛೇರಿಗೆ ಹೋಗಲೆಂದು ಈ ಶನಿವಾರದ ಸಂಜೆ ಅವರ ತಾಯಿಯ ಬಳಿ ಕೂರುವುದು. ಕಂಡಕ್ಟರರ ಹೆಂಡತಿಗೆ ಲಕ್ವ, ಅವರ ಮನೆಯಲ್ಲಿ ಬೇರೆ ದಿನ. ಮೆಡಿಕಲ್ ಸ್ಟೋರಿನವರ ತಂದೆಗೆ ಆಪರೇಷನ್ ಆದಾಗ, ಇಸ್ತ್ರಿಯವನ ಮಗು ಜ್ವರದಲ್ಲಿ ಬಿದ್ದಾಗ, ಡ್ಯೂಟಿ ಮುಗಿಸಿಕೊಂಡು ಹೋಗಿ ಕೂತಿದ್ದಳು. ಯಾರಾದರೂ ದುಡ್ಡು ಕೊಡಲು ಬಂದರೆ ಬೇಡವೆನ್ನುತ್ತಿದ್ದಳು. "ಶನಿವಾರ ನಮ್ಮೋರ ಅಂಗಡೀಲಿ ಒಂದು ಗಂಟೆ ಬಂದು ಕೂತ್ಕೊಳಿ, ಅಷ್ಟು ಸಾಕು." ಹೇಗೆ ಕೂರಬೇಕೆಂದೂ ಹೇಳಿಕೊಟ್ಟಿದ್ದಳು. ಫೋನು ಮನೆಯಲ್ಲೇ ಬಿಡಿ, ನಗು ಬಂದರೆ ನೆಲ ನೋಡಿ, ಅವರು ಕೈ ಎತ್ತುವ ತನಕ ಚಪ್ಪಾಳೆ ಬೇಡ.

"ಇದು ಮೋಸ ಅಲ್ವೇನೇ ಅಕ್ಕ? ಬಂದು ಕೂರೋರಿಗೆ ಆ ಸದ್ದು ಇಷ್ಟ ಇರಬೇಡ್ವಾ?"

"ರೋಗಿ ಪಕ್ಕ ಕೂತ್ಕೊಳ್ತೀನಿ. ನನಗೇನು ರೋಗ ಇಷ್ಟಾನಾ?" ಎಂದಳು. ಅಷ್ಟರಲ್ಲಿ ಗೋಡೆ ಗುಂಯ್‌ಗುಡಲು ಶುರುವಾಯಿತು. ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಹೊರಗೆ ದೂಡಿದಳು. "ನೀನೂ ಹೋಗಿ ಕೂತ್ಕೋ. ಕುರ್ಚಿ ಖಾಲಿ ಕಂಡ್ರೆ ಅವರಿಗೆ ಕೈ ಓಡಲ್ಲ."

ಹೋಗಿ ಕೂತೆ. ಗುಟ್ಟು ಗೊತ್ತಾದ ಮೇಲೆ ಆ ಕುರ್ಚಿಗಳ ಸಾಲು ನೋಡುವುದು ಕಷ್ಟವಾಯಿತು. ಕಂಡಕ್ಟರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು, ಬಸ್ಸಿನಲ್ಲಿ ಕಲಿತ ವಿದ್ಯೆ. ಬೇಕರಿಯವನ ಹೆಂಡತಿ ಬಳೆ ಸದ್ದಾಗದಂತೆ ಮಣಿಕಟ್ಟು ಹಿಡಿದುಕೊಂಡಿದ್ದಳು. ಅವರೆದುರು ಭಾವ ಬೆವರು ಸುರಿಸಿಕೊಂಡು, ಒಂದೊಂದು ತಿರುಗಣಿಯನ್ನೂ ಕೂದಲೆಳೆಯಷ್ಟು ತಿರುಗಿಸುತ್ತಾ, ತಮ್ಮ ಬೀದಿಗೆ ತಮ್ಮ ಎದೆ ತೋಡಿಕೊಡುತ್ತಿದ್ದರು.

ಆ ವರ್ಷ ಇಂಥ ಕಛೇರಿಗಳನ್ನು ನಡೆಸುವವರೆಲ್ಲ ಒಂದು ಕಡೆ ಸೇರಿದ್ದರು. ಎಲ್ಲರ ಗೋಳೂ ಒಂದೇ, ಅಕ್ಕಪಕ್ಕದವರು ಬರುವುದಿಲ್ಲ, ಬಂದವರೇ ಬರುತ್ತಾರೆ. ಹೊಸಬರನ್ನು ಸೆಳೆಯುವುದು ಹೇಗೆಂದು ಹೇಳಿಕೊಡಲು ನಮ್ಮ ಭಾವನನ್ನು ಕರೆಸಿದ್ದರು. ಅಕ್ಕನಿಗೆ ಡ್ಯೂಟಿ, ಜೊತೆಗೆ ಹೋದವಳು ನಾನು. ಭಾವ ಚೆನ್ನಾಗಿಯೇ ಮಾತಾಡಿದರು. ಜನರನ್ನು ಕೀಳಾಗಿ ನೋಡಬೇಡಿ, ಅವರ ಕಿವಿಯನ್ನು ನಂಬಿ ಎಂದರು. ಕೊನೆಗೆ, "ಊರೆಲ್ಲ ಗೆದ್ದೆ ಸ್ವಾಮಿ, ಹೆಂಡತಿ ಒಬ್ಬಳನ್ನ ಗೆಲ್ಲೋಕಾಗಲಿಲ್ಲ. ಇವತ್ತಿನವರೆಗೂ ಒಂದು ದಿನ ಬಂದು ಕೂತಿಲ್ಲ" ಎಂದರು. ಸಭೆಯೆಲ್ಲ ನಕ್ಕಿತು. ನನ್ನ ಮೈ ಉರಿದುಹೋಯಿತು. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳೂ ನಕ್ಕಳು. ಆ ನಗುವಿನ ಕೊನೆಯಲ್ಲಿ ಹೊಟ್ಟೆ ಹಿಡಿದುಕೊಂಡಳು.

ಊರವರ ಬೆನ್ನಿನ ಹುಣ್ಣನ್ನು ಕೆಂಪಾಗುವ ಮೊದಲೇ ಗುರುತಿಸುತ್ತಿದ್ದವಳಿಗೆ ತನ್ನ ಹೊಟ್ಟೆಯ ಗಂಟು ಗೊತ್ತಾಗಲಿಲ್ಲವೆಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಲಗಿಸುತ್ತಿದ್ದರು, ಮಲಗಿದರೆ ಕುರ್ಚಿಗಳು ಖಾಲಿಯಾಗುತ್ತಿದ್ದವು. ಡಾಕ್ಟರು ಹೊಟ್ಟೆ ಕೊಯ್ದು ನೋಡಿ ಹಾಗೆಯೇ ಹೊಲಿದು ಮನೆಗೆ ಕಳಿಸಿದರು. ಅಷ್ಟು ದಿನ ಬೇರೆಯವರಿಗೆ ಹಾಸುತ್ತಿದ್ದ ರಬ್ಬರ್ ಶೀಟನ್ನು ಅವಳಿಗೇ ಹಾಸಿದೆವು.

ತಿಂಗಳ ಶನಿವಾರ ಬಂತು. ಭಾವನಿಗೆ ಹೋಗುವ ಮನಸ್ಸಿರಲಿಲ್ಲ, ಅದನ್ನು ಹೇಳಲೇಬೇಕು. ಅಕ್ಕನೇ, "ರೀ, ಹೋಗಿ. ಜನ ಬಂದಿರ್ತಾರೆ" ಎಂದಳು. ಜ್ವರದಲ್ಲಿ ಅವಳಿಗೆ ತಾನು ಏನು ಹೇಳುತ್ತಿದ್ದೇನೆಂದು ತಿಳಿಯಲಿಲ್ಲವೋ, ಅಥವಾ ಜನ ಬಂದೇ ಬರುತ್ತಾರೆಂದು ಅವಳೂ ನಂಬಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಭಾವ ಅತ್ತ ಹೋದರು. ಇತ್ತ ಯಾರೋ ಬಾಗಿಲು ಬಡಿದರು. ಕಂಡಕ್ಟರು ಬಂದರು. ಮೆಡಿಕಲ್ ಸ್ಟೋರಿನವರು, ಇಸ್ತ್ರಿಯವನು, ಬೇಕರಿಯವನ ಹೆಂಡತಿ ಬಂದರು. ಅತ್ತೆಯ ಹತ್ತಿರ ಗಂಡನನ್ನು ಬಿಟ್ಟು ಬಂದಿದ್ದೇನೆ ಎಂದಳು. ಯಾರೂ ಹೇಗಿದ್ದೀರಿ ಎಂದು ಕೇಳಲಿಲ್ಲ, ಧೈರ್ಯ ಹೇಳಲಿಲ್ಲ. ಗೋಡೆಯುದ್ದಕ್ಕೂ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತರು. ಒಬ್ಬರ ಬಳಿಯೂ ಫೋನಿರಲಿಲ್ಲ.

ಅಂಗಡಿಯಲ್ಲಿ ನಡೆದದ್ದನ್ನು ಗಡ್ಡದವನೊಬ್ಬ ಆಮೇಲೆ ಹೇಳಿದ. ಅವನೂ ಅವನ ಸ್ನೇಹಿತರೂ ಎಂದಿನಂತೆ ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಹಿಂದೆ ಕುರ್ಚಿಗಳು ಖಾಲಿ. ಭಾವ ಮೋಟರ್ ಚಾಲೂ ಮಾಡಿದರು, ಕುರ್ಚಿ ನೋಡಿದರು, ನಿಲ್ಲಿಸಿದರು. ಮತ್ತೆ ಚಾಲೂ ಮಾಡಿ ಮತ್ತೆ ನಿಲ್ಲಿಸಿದರು. ಇಷ್ಟಪಟ್ಟು ಅಷ್ಟು ದೂರದಿಂದ ಬಂದವರು ಎದುರಿಗೇ ಇದ್ದರೂ ಭಾವನಿಗೆ ನುಡಿಸಲಾಗಲಿಲ್ಲ. ಎದ್ದು ಬಂದುಬಿಟ್ಟರು.

ಕೈಯಲ್ಲಿ ಕಿತ್ತ ವೈರು ಹಾಗೇ ಇತ್ತು. ಒಳಗೆ ಕಾಲಿಟ್ಟವರಿಗೆ ತಮ್ಮ ಇಡೀ ಬೀದಿ ಹೆಂಡತಿಯ ಮಂಚದ ಸುತ್ತ ಕೂತಿರುವುದು ಕಂಡಿತು.

"ನಾನು ಅಲ್ಲಿ ನಿಮಗೆಲ್ಲ ಕಾಯ್ತಿದ್ದೀನಿ" ಎಂದರು.

ಕಂಡಕ್ಟರು ಎದ್ದು ನಿಂತರು. "ತಪ್ಪು ತಿಳ್ಕೊಬೇಡಿ ಸ್ವಾಮಿ. ಇವತ್ತು ಇಲ್ಲಿ ಕೂರೋದು ನ್ಯಾಯ ಅನ್ನಿಸ್ತು. ಅಮ್ಮ ನಮ್ಮನೇಲಿ ಎಷ್ಟು ಸಲ ಕೂತಿದಾರೆ. ಅದಕ್ಕೇ ತಾನೆ ನಾವು ಶನಿವಾರ ನಿಮ್ಮಲ್ಲಿಗೆ ಬರ್ತಿದ್ದಿದ್ದು."

ಭಾವನಿಗೆ ಗೊತ್ತಿದೆ ಎಂದುಕೊಂಡೇ ಆ ಮನುಷ್ಯ ಆಡಿದ ಮಾತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವ ಒಬ್ಬೊಬ್ಬರ ಮುಖವನ್ನೂ ನೋಡಿದರು, ಒಬ್ಬೊಬ್ಬರೂ ನೆಲ ನೋಡಿದರು. ಮೆಡಿಕಲ್ ಸ್ಟೋರಿನವರು ಸರಿದು ಜಾಗ ಮಾಡಿಕೊಟ್ಟರು. ಭಾವ ಅವರ ಸಾಲಿನ ತುದಿಯಲ್ಲಿ ಕೂತರು. ಒಂದು ಗಂಟೆ ಯಾರೂ ಮಾತಾಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ.

ಅವರೆಲ್ಲ ಹೋದ ಮೇಲೆ ಭಾವ ಅಕ್ಕನ ಕಿವಿಯ ಹತ್ತಿರ ಬಗ್ಗಿದರು. "ಒಬ್ಬರೂ ಇಷ್ಟಪಟ್ಟು ಬರ್ತಿರಲಿಲ್ವೇನೇ?"

"ಗೊತ್ತಿಲ್ಲ ರೀ" ಎಂದಳು ಅಕ್ಕ. "ನಾನು ಕೇಳ್ಲಿಲ್ಲ. ಕೇಳೋಕೆ ಭಯ ಆಯ್ತು."

ಮುಂದಿನ ಶನಿವಾರದ ತನಕ ಅವಳು ಉಳಿಯಲಿಲ್ಲ.

ತಗಡುಗಳನ್ನು ಭಾವ ಗುಜರಿಗೆ ಹಾಕಿದರು. ಈಗ ಅಂಗಡಿಯಲ್ಲಿ ವೈಂಡಿಂಗ್ ಬಿಟ್ಟು ಬೇರೇನೂ ನಡೆಯುವುದಿಲ್ಲ. ಕೆಲವು ತಿಂಗಳಾದ ಮೇಲೆ ಬೇಕರಿಯ ಮುದುಕಿ ಫ್ಯಾನಿನವನನ್ನು ನೋಡಬೇಕೆಂದು ಸೊಸೆಯ ಕೈಲಿ ಹೇಳಿಕಳಿಸಿದರು. ಭಾವ ಒಬ್ಬರೇ ಹೋಗಲಾರೆ ಎಂದರು. ನಾನು ಜೊತೆಗೆ ಹೋದೆ.

"ನೀನೇನಪ್ಪಾ ಆ ಸದ್ದು ಮಾಡ್ತಿದ್ದೋನು?" ಎಂದರು ಮುದುಕಿ. "ಪೀಡೆ ಅದು. ಯಾವಾಗ ನಿಲ್ಲುತ್ತೋ ಅಂತ ಕಾಯ್ತಾ ಬಿದ್ದಿರ್ತಿದ್ದೆ. ಈಗ ಕಾಯೋಕೂ ಏನಿಲ್ಲ ನೋಡು."

ಭಾವ ತಲೆಯಾಡಿಸಿದರು. ಆಮೇಲೆ ಸ್ಟೂಲು ತೋರಿಸಿ, "ಅವಳು ಇಲ್ಲೇ ಕೂರ್ತಿದ್ಲಾ?" ಎಂದರು.

"ಅಲ್ಲೇ. ಗೋಡೆಗೆ ಬೆನ್ನು ಕೊಟ್ಟು. ನಿಂದು ಶುರುವಾಗೋದೇ ತಡ, ನಿದ್ದೆ. ಬಾಯಿ ತೆರ್ಕೊಂಡು ಗೊರಕೆ. ನಾನು ಕೆಮ್ಮಿದ್ರೆ ಥಟ್ಟಂತ ಎದ್ದು ನನ್ನ ಎತ್ತಿ ಕೂರಿಸಿ, ಮತ್ತೆ ಅಲ್ಲೇ ಒರಗ್ತಿದ್ಲು. ನೀನು ನಿಲ್ಲಿಸಿದ ಕೂಡ್ಲೇ ಎಚ್ಚರ. ನಾನೇ ಒಂದಿನ ಅಂದೆ, ಗಂಡ ಬಾರಿಸೋದನ್ನ ಎದುರಿಗೆ ಕೂತು ಕೇಳಬಾರದಾ ಅಂತ. ಎದುರಿಗೆ ಕೂತ್ರೆ ಮಲಗೋಕಾಗಲ್ವಲ್ಲಮ್ಮ ಅಂದ್ಲು. ಮನೇಲೂ ಕೆಲಸ, ಆಸ್ಪತ್ರೇಲೂ ಕೆಲಸ, ಬೀದಿ ಜನರ ಮನೇಲೂ ಕೆಲಸ. ಇದೊಂದು ಗಂಟೆ ಯಾರೂ ನನ್ನ ಕರೆಯಲ್ಲ, ಗೋಡೆ ಬೆನ್ನು ನೀವಿದ ಹಾಗಿರುತ್ತೆ ಅಂದ್ಲು."

ಭಾವ ಆ ಸ್ಟೂಲಿನ ಮೇಲೆ ಕೂತರು. ಬೆನ್ನನ್ನು ಗೋಡೆಗೆ ಆನಿಸಿದರು. ಆಚೆ ಕಡೆ ಸದ್ದು ಮಾಡುವವರು ಯಾರೂ ಇರಲಿಲ್ಲ.

"ಅಷ್ಟು ಜನರ ಮುಂದೆ, ಅವಳು ಒಂದು ದಿನಾನೂ ಬಂದಿಲ್ಲ ಅಂತ ಹೇಳಿ ನಗಿಸಿದೆನಲ್ಲ" ಎಂದರು.

"ಹೌದು ಭಾವ. ನಗಿಸಿದ್ರಿ" ಎಂದೆ. ಸಮಾಧಾನದ ಒಂದು ಮಾತು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ, ಬರಲೆಂದು ನಾನು ಪ್ರಯತ್ನಪಡಲೂ ಇಲ್ಲ.

ಮುದುಕಿ ಕೆಮ್ಮತೊಡಗಿದರು. ಭಾವ ಗಾಬರಿಯಿಂದ ಎದ್ದರು, ಎಲ್ಲಿ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕತ್ತಿನ ಕೆಳಗೆ ಕೈ ಹಾಕಿ ಎಂದು ನಾನು ತೋರಿಸಿಕೊಟ್ಟೆ. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು.